ಟೊರೆಂಟಿಗೆ ಯಾವ ವಿಪಿಎನ್? ಮಲೆನಾಡಿನ ಮಳೆ, ಕರೆಂಟು, ಲೈನು ನೋಡಿಕೊಂಡು ಆರಿಸುವ ಬಗೆ

ನಮ್ಮ ಗೆಳೆಯರ ಗುಂಪಿನ ಹತ್ತಿರ 12 ವರ್ಷದ ತಾಳಮದ್ದಲೆ ರೆಕಾರ್ಡಿಂಗ್ ಇದೆ. ಮಳೆಗಾಲದಲ್ಲಿ ಬಯಲಾಟ ನಿಂತ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರದೋ ಮನೆ ಜಗಲಿಯಲ್ಲೋ ದೇವಸ್ಥಾನದಲ್ಲೋ ನಡೆದ ಕೂಟಗಳು. ನಾಲ್ಕು ಗಂಟೆಯ ಒಂದು ಪ್ರಸಂಗದ ವಿಡಿಯೋ ಸುಮಾರು 20 ಜಿಬಿ ಆಗುತ್ತದೆ. ಗೂಗಲ್ ಡ್ರೈವ್‌ನಲ್ಲಿ ಪುಕ್ಕಟೆ ಸಿಗುವುದೇ 15 ಜಿಬಿ. ಹಾರ್ಡ್ ಡಿಸ್ಕ್ ಊರಿಂದೂರಿಗೆ ಓಡಾಡಿ ಎರಡು ಹಾಳಾದವು. ಆಮೇಲೆ ಟೊರೆಂಟಿಗೆ ಬಂದೆವು.

ಟೊರೆಂಟು ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ. ಫೈಲನ್ನು ತುಂಡು ತುಂಡಾಗಿ ಕಳಿಸುತ್ತದೆ. ಪ್ರತಿ ತುಂಡೂ ಸರಿಯಾಗಿ ಬಂತಾ ಅಂತ ತಾಳೆ ನೋಡುತ್ತದೆ. ನಡುವೆ ಕರೆಂಟು ಹೋದರೆ, ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಬೆಂಗಳೂರಿನಲ್ಲಿರುವ ಒಬ್ಬರು ಪೂರ್ತಿ ಇಳಿಸಿಕೊಂಡರೆ ಅವರೂ ಹಂಚಲು ಶುರು ಮಾಡುತ್ತಾರೆ, ನಮ್ಮ ಮನೆ ಲೈನಿನ ಭಾರ ಅಷ್ಟು ಕಡಿಮೆ.

ಆದರೆ ಇದರಲ್ಲಿ ಗುಟ್ಟು ಅನ್ನುವುದಿಲ್ಲ. ಒಂದು ಫೈಲನ್ನು ಹಂಚಿಕೊಳ್ಳುತ್ತಿರುವವರೆಲ್ಲರಿಗೂ ಒಬ್ಬರ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅವರ ಲೈನನ್ನು ಗುರುತಿಸುವ ನಂಬರ್, ಇನ್ನೊಬ್ಬರಿಗೆ ಕಾಣುತ್ತದೆ. ಟೊರೆಂಟು ನಡೆಯುವುದೇ ಹಾಗೆ. ಕಂಪ್ಯೂಟರಿನಲ್ಲಿ ಪೀರ್ಸ್ ಅನ್ನುವ ಪಟ್ಟಿ ತೆರೆದರೆ ಸಾಕು, ಯಾರ್ಯಾರು ಯಾವ ದೇಶದಿಂದ ಬಂದಿದ್ದಾರೆ ಅಂತ ಸಾಲಾಗಿ ಇರುತ್ತದೆ. ಆ ಪಟ್ಟಿಯಲ್ಲಿ ನಮ್ಮ ಮನೆಯ ವಿಳಾಸ ಇರುವುದು ನನಗೆ ಇಷ್ಟ ಇಲ್ಲ. ವಿಪಿಎನ್ ಅಂದರೆ ನಮ್ಮ ಇಂಟರ್ನೆಟ್ಟನ್ನು ಗೂಢಲಿಪಿಯಲ್ಲಿ ಬೇರೆ ಕಡೆಯ ಒಂದು ಸರ್ವರಿನ ಮೂಲಕ ಕಳಿಸುವ ಸೇವೆ. ಅದನ್ನು ಹಾಕಿದರೆ ಅಲ್ಲಿ ನಮ್ಮ ಮನೆಯದರ ಬದಲು ವಿಪಿಎನ್ ಸರ್ವರಿನ ವಿಳಾಸ ಕಾಣುತ್ತದೆ. ಲೈನ್ ಕೊಟ್ಟವರಿಗೂ ನಾವು ವಿಪಿಎನ್ ಬಳಸುತ್ತಿದ್ದೇವೆ ಅಂತ ಗೊತ್ತಾಗುತ್ತದೆಯೇ ಹೊರತು ಒಳಗೆ ಏನು ಹೋಗುತ್ತಿದೆ ಅಂತ ಕಾಣುವುದಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಫೋನ್ ಮಾಡಿ, "ಮಾವ, ಯಾವ ವಿಪಿಎನ್ ತಗೊಳ್ಳಲಿ? ಒಂದೊಂದು ಕಡೆ ಒಂದೊಂದು ಹೇಳ್ತಾರೆ" ಅಂದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಜಾಹೀರಾತಿನಲ್ಲಿ ಬರುವ ವೇಗ, ಸಾವಿರಾರು ಸರ್ವರ್, ನೂರು ದೇಶ, ಇವು ಟೊರೆಂಟಿಗೆ ಮುಖ್ಯ ಅಲ್ಲ. ನಮ್ಮಂಥ ಊರಿನಲ್ಲಿ ಕೂತವರು ಕೇಳಬೇಕಾದ ಪ್ರಶ್ನೆ ಎರಡು. ಲೈನು ಕಡಿದಾಗ, ಕರೆಂಟು ಹೋಗಿ ಬಂದಾಗ ಆ ವಿಪಿಎನ್ ಏನು ಮಾಡುತ್ತದೆ? ಹೊರಗಿನವರು ನಮ್ಮ ಕಂಪ್ಯೂಟರಿನ ತನಕ ಬರಲು ಅದು ದಾರಿ ಬಿಡುತ್ತದಾ?

ಬೇಕೇ ಬೇಕಾ, ಮೊದಲು ನೋಡಿ

ಮೂರು ನಾಲ್ಕು ಮನೆಗಳ ನಡುವೆ ಮಾತ್ರ ಫೈಲ್ ಓಡಾಡಬೇಕು ಅಂದರೆ ವಿಪಿಎನ್‌ಗೆ ದುಡ್ಡು ಕೊಡಬೇಡಿ. ಸಿಂಕ್‌ಥಿಂಗ್ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. ನೀವು ಒಪ್ಪಿದ ಕಂಪ್ಯೂಟರುಗಳ ನಡುವೆ ಮಾತ್ರ ಫೈಲ್ ಕಳಿಸುತ್ತದೆ, ದಾರಿಯಲ್ಲಿ ಗೂಢಲಿಪಿಯಲ್ಲಿ ಇರುತ್ತದೆ. ಎರಡೂ ಕಡೆ ನೇರ ದಾರಿ ಸಿಗದಿದ್ದರೆ ನಡುವಿನ ಸರ್ವರ್ ಮೂಲಕ ಹೋಗುತ್ತದೆ. ಆಗ ನಿಧಾನ, ಆದರೆ ತಲುಪುತ್ತದೆ. ನಾವು ಎಡಿಟ್ ಮಾಡುವ ಮೊದಲಿನ ಫೈಲುಗಳನ್ನು ಈಗಲೂ ಇದರಲ್ಲೇ ಕಳಿಸಿಕೊಳ್ಳುತ್ತೇವೆ.

ಉಬುಂಟು, ಡೆಬಿಯನ್, ಲಿಬ್ರೆಆಫೀಸ್ ಇಂಥದ್ದನ್ನು ಯಾವಾಗಲೋ ಒಮ್ಮೆ ಟೊರೆಂಟಿನಲ್ಲಿ ಇಳಿಸುತ್ತೀರಾ? ಅದಕ್ಕೂ ಬೇಡ. ಮನೆಯ ವಿಳಾಸ ಕಂಡರೂ ಚಿಂತೆ ಇಲ್ಲ, ನಮ್ಮ ರೆಕಾರ್ಡಿಂಗ್ ಚೆನ್ನಾಗಿ ಹಂಚಿಕೆಯಾದರೆ ಸಾಕು ಅನ್ನುವವರು ಲೈನ್ ಕೊಟ್ಟವರ ಹತ್ತಿರ ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮ ಮನೆಗೇ ಅಂತ ಬದಲಾಗದ ಒಂದು ವಿಳಾಸ, ಕೇಳಬಹುದು. ತಿಂಗಳಿಗೆ ಇಷ್ಟು ಅಂತ ಬೇರೆ ದುಡ್ಡು ಇರುತ್ತದೆ. ದಿನವಿಡೀ ಹಂಚುವವರು, ಮನೆ ವಿಳಾಸ ಹೊರಗೆ ಕಾಣಬಾರದು ಅನ್ನುವವರು, ಟೊರೆಂಟ್ ಅಂದ ಕೂಡಲೇ ಲೈನು ನಿಧಾನ ಆಗುವ ತೊಂದರೆ ಇರುವವರು, ಇವರಿಗೆ ವಿಪಿಎನ್ ನಿಜವಾಗಿ ಉಪಯೋಗ.

ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ವಿಪಿಎನ್ ಬಳಸುವುದು ತಪ್ಪಲ್ಲ. ಆದರೆ ಹೊಸ ಕನ್ನಡ ಸಿನಿಮಾವನ್ನು ವಿಪಿಎನ್ ಹಾಕಿಕೊಂಡು ಹಂಚಿದರೆ ಅದು ತಪ್ಪೇ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ ಇದೆ. ಟೊರೆಂಟಿನಲ್ಲಿ ಇಳಿಸಿಕೊಳ್ಳುವಾಗಲೇ ನೀವು ಬೇರೆಯವರಿಗೂ ಕೊಡುತ್ತಿರುತ್ತೀರಿ, ಅದನ್ನು ಮರೆಯಬಾರದು. ತಾಳಮದ್ದಲೆಗೂ ಇದು ಅನ್ವಯಿಸುತ್ತದೆ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ನಾವು ಭಾಗವತರಿಂದ ಹಿಡಿದು ಮದ್ದಲೆಯವರ ತನಕ ಎಲ್ಲರ ಹತ್ತಿರ ಕಾಗದದಲ್ಲಿ ಒಪ್ಪಿಗೆ ತೆಗೆದುಕೊಳ್ಳುತ್ತೇವೆ. ಇಬ್ಬರು ಹಿರಿಯ ಅರ್ಥಧಾರಿಗಳು ಬೇಡ ಅಂದರು. ಆ ಕೂಟಗಳು ನಮ್ಮ ಡಿಸ್ಕಿನಲ್ಲೇ ಉಳಿದಿವೆ.

ಲೈನು ಕಡಿದ ಆ ಹೊತ್ತು

ಆಷಾಢದ ಜಡಿಮಳೆಯಲ್ಲಿ ನಮ್ಮ ಮನೆಯ ಲೈನು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಎಲ್ಲೋ ಮರದ ಗೆಲ್ಲು ಫೈಬರ್ ಮೇಲೆ ಬಿದ್ದಿರುತ್ತದೆ. ಇಲ್ಲವಾದರೆ ಪೇಟೆಯಲ್ಲಿ ಕರೆಂಟಿಲ್ಲದೆ ಅವರ ಬ್ಯಾಟರಿ ಮುಗಿದಿರುತ್ತದೆ. ವಿಪಿಎನ್ ಒಂದು ಕೊಳವೆ ಇದ್ದ ಹಾಗೆ. ಲೈನು ಅಲುಗಿದಾಗ ಕೊಳವೆ ಕಳಚುತ್ತದೆ. ಮತ್ತೆ ಲೈನು ಬಂದಾಗ ಕೊಳವೆ ಸೇರಿಕೊಳ್ಳಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳಲ್ಲಿ ಟೊರೆಂಟ್ ಸಾಫ್ಟ್‌ವೇರ್ ಸುಮ್ಮನೆ ಕೂರುವುದಿಲ್ಲ. ಕೊಳವೆ ಇಲ್ಲದಿದ್ದರೆ ಬರಿಯ ಲೈನಿನಲ್ಲೇ ಹೊರಗೆ ಹೋಗಿ ಎಲ್ಲರಿಗೂ ಮನೆಯ ವಿಳಾಸ ಕೊಟ್ಟು ಬರುತ್ತದೆ. ಬೆಂಗಳೂರಿನಲ್ಲಿ ಇದು ತಿಂಗಳಿಗೆ ಒಮ್ಮೆ ಆಗಬಹುದು. ನಮ್ಮಲ್ಲಿ ದಿನಕ್ಕೆ ಹತ್ತು ಸಲ.

ಇದನ್ನು ತಡೆಯುವುದಕ್ಕೆ ಇರುವುದು ಕಿಲ್ ಸ್ವಿಚ್. ವಿಪಿಎನ್ ಕಳಚಿದ ತಕ್ಷಣ ಇಂಟರ್ನೆಟ್ಟನ್ನೇ ಬಂದ್ ಮಾಡುತ್ತದೆ. ಈಗ ಎಲ್ಲ ಕಂಪನಿಯವರೂ ನಮ್ಮಲ್ಲೂ ಇದೆ ಅನ್ನುತ್ತಾರೆ. ಆದರೆ ಕಿಲ್ ಸ್ವಿಚ್‌ನಲ್ಲಿ ಎರಡು ಜಾತಿ ಇದೆ. ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಒಂದು ಜುಲೈ ರಾತ್ರಿ.

ಆಗ ಬೇರೊಂದು ವಿಪಿಎನ್ ಇತ್ತು, ಹೆಸರು ಬೇಡ. ಕಿಲ್ ಸ್ವಿಚ್ ಆನ್ ಇತ್ತು. ರಾತ್ರಿ ಇನ್ವರ್ಟರ್ ಬ್ಯಾಟರಿ ಮುಗಿದು ಕಂಪ್ಯೂಟರ್ ಆಫ್ ಆಯಿತು. ಕರೆಂಟು ಬಂದ ಕೂಡಲೇ ತಾನೇ ಆನ್ ಆಗುವ ಹಾಗೆ ಮಾಡಿಟ್ಟಿದ್ದೆ. ಟೊರೆಂಟ್ ಸಾಫ್ಟ್‌ವೇರೂ ತಾನೇ ಶುರುವಾಗುತ್ತಿತ್ತು. ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡಿದರೆ ಟೊರೆಂಟು ಜೋರಾಗಿ ನಡೆಯುತ್ತಿದೆ, ವಿಪಿಎನ್ ಮಾತ್ರ ಪಾಸ್‌ವರ್ಡ್ ಕೇಳುತ್ತಾ ಕೂತಿದೆ. ಆ ಕಿಲ್ ಸ್ವಿಚ್ ಕೆಲಸ ಮಾಡುತ್ತಿದ್ದುದು ಒಮ್ಮೆ ಕನೆಕ್ಟ್ ಆಗಿ ಆಮೇಲೆ ಕಳಚಿದಾಗ ಮಾತ್ರ. ಕನೆಕ್ಟ್ ಆಗುವ ಮೊದಲು ಅದಕ್ಕೆ ಸಂಬಂಧವೇ ಇರಲಿಲ್ಲ.

ಹಾಗಾಗಿ ನೀವು ಹುಡುಕಬೇಕಾದ್ದು ಎರಡನೇ ಜಾತಿ. ಕಂಪ್ಯೂಟರ್ ಆನ್ ಆದ ಕ್ಷಣದಿಂದ, ವಿಪಿಎನ್ ಇಲ್ಲದೆ ಒಂದು ಹನಿಯೂ ಹೊರಗೆ ಹೋಗದ ಹಾಗೆ ತಡೆಯುವಂಥದ್ದು. ಮುಲ್‌ವಾಡ್ ಅನ್ನುವ ವಿಪಿಎನ್‌ನಲ್ಲಿ ಸಾಮಾನ್ಯ ಕಿಲ್ ಸ್ವಿಚ್ ಯಾವಾಗಲೂ ಆನ್ ಇರುತ್ತದೆ, ಆಫ್ ಮಾಡಲು ಬರುವುದಿಲ್ಲ. ಅದರ ಮೇಲೆ ಲಾಕ್‌ಡೌನ್ ಮೋಡ್ ಅಂತ ಇನ್ನೊಂದಿದೆ, ನಮಗೆ ಬೇಕಾದ್ದು ಅದೇ. ಪ್ರೋಟಾನ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್‌ಗೆ ಅಡ್ವಾನ್ಸ್ಡ್ ಕಿಲ್ ಸ್ವಿಚ್ ಇದೆ. ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್‌ನಲ್ಲೂ, ಜನ ಪಿಐಎ ಅನ್ನುತ್ತಾರೆ, ಅದೇ ಹೆಸರಿನದು ಇದೆ. ಏರ್‌ವಿಪಿಎನ್‌ನ ಎಡ್ಡಿ ಅನ್ನುವ ಸಾಫ್ಟ್‌ವೇರಿನಲ್ಲಿ ನೆಟ್‌ವರ್ಕ್ ಲಾಕ್ ಅನ್ನುತ್ತಾರೆ. ಅದನ್ನು ಶುರುವಿನಲ್ಲೇ ಆನ್ ಆಗುವ ಹಾಗೆ ಮಾಡಿಡಬೇಕು.

ಇಷ್ಟಾದರೂ ನಾನು ಕಿಲ್ ಸ್ವಿಚ್ ಒಂದನ್ನೇ ನಂಬುವುದಿಲ್ಲ. ಅದಕ್ಕಿಂತ ಗಟ್ಟಿ ಉಪಾಯ ಟೊರೆಂಟ್ ಸಾಫ್ಟ್‌ವೇರಿನೊಳಗೇ ಇದೆ. ಕ್ಯೂಬಿಟ್‌ಟೊರೆಂಟ್‌ನಲ್ಲಿ ಆಪ್ಷನ್ಸ್ ತೆರೆದು ಅಡ್ವಾನ್ಸ್ಡ್‌ಗೆ ಹೋಗಿ. ನೆಟ್‌ವರ್ಕ್ ಇಂಟರ್‌ಫೇಸ್ ಅನ್ನುವ ಸಾಲಿನಲ್ಲಿ ಎನಿ ಇಂಟರ್‌ಫೇಸ್ ಅಂತ ಇರುತ್ತದೆ. ಅಂದರೆ ಯಾವ ದಾರಿಯಾದರೂ ಸೈ ಅಂತ. ವಿಪಿಎನ್ ಆನ್ ಇರುವಾಗ ಅಲ್ಲಿ ವಿಪಿಎನ್‌ನ ಇಂಟರ್‌ಫೇಸೂ ಕಾಣುತ್ತದೆ. ಅದನ್ನು ಆರಿಸಿ. ಅಷ್ಟೇ. ಇನ್ನು ಮೇಲೆ ವಿಪಿಎನ್ ಇಲ್ಲದಿದ್ದರೆ ಟೊರೆಂಟಿಗೆ ದಾರಿಯೇ ಇಲ್ಲ, ಮನೆಯವರ ಉಳಿದ ಇಂಟರ್ನೆಟ್ ಮಾತ್ರ ಆರಾಮಾಗಿ ನಡೆಯುತ್ತದೆ. ವಿಪಿಎನ್‌ ಸೇರುವ ವಿಧಾನಗಳಲ್ಲಿ ವೈರ್‌ಗಾರ್ಡ್, ಓಪನ್‌ವಿಪಿಎನ್ ಅಂತ ಎರಡಿವೆ. ಮೊದಲನೆಯದರ ಬದಲು ಎರಡನೆಯದು ಅಂತ ಬದಲಾಯಿಸಿದರೆ ಇಂಟರ್‌ಫೇಸ್ ಹೆಸರೂ ಬದಲಾಗಬಹುದು. ಆಗ ಟೊರೆಂಟು ನಿಂತುಬಿಡುತ್ತದೆ, ಗಾಬರಿಯಾಗದೆ ಮತ್ತೆ ಆರಿಸಿ. ಟ್ರಾನ್ಸ್‌ಮಿಷನ್ ಅನ್ನುವ ಇನ್ನೊಂದು ಟೊರೆಂಟ್ ಸಾಫ್ಟ್‌ವೇರ್ ಬಳಸುವವರಿಗೆ ಇಷ್ಟು ಸುಲಭದ ಸೌಲಭ್ಯ ಇಲ್ಲ. ಆ ಕಾರಣಕ್ಕೇ ನಾನು ಕ್ಯೂಬಿಟ್‌ಟೊರೆಂಟ್‌ಗೆ ಬದಲಾದೆ.

ಎರಡು ಸಣ್ಣ ಸಂದುಗಳಿವೆ, ಅವನ್ನೂ ನೋಡಿಕೊಳ್ಳಿ. ಜಿಯೋದಂಥ ಲೈನಿನಲ್ಲಿ ಹಳೆಯ ವಿಳಾಸದ ಜೊತೆಗೆ ಐಪಿವಿ6 ಅನ್ನುವ ಹೊಸ ಬಗೆಯ ವಿಳಾಸವೂ ಇರುತ್ತದೆ. ವಿಪಿಎನ್ ಹಳೆಯದನ್ನು ಮಾತ್ರ ಮುಚ್ಚಿ ಇದನ್ನು ಬಿಟ್ಟರೆ ಮನೆಯ ವಿಳಾಸ ಹಾಗೇ ಹೊರಗೆ ಹೋಗುತ್ತದೆ. ಇನ್ನೊಂದು, ಫೋನಿನ ಹಾಟ್‌ಸ್ಪಾಟ್. ನಮ್ಮಲ್ಲಿ ಫೈಬರ್ ಕೈಕೊಟ್ಟಾಗ ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಫೋನಿನಲ್ಲಿ ವಿಪಿಎನ್ ಆನ್ ಇದೆ, ಲ್ಯಾಪ್‌ಟಾಪಿಗೂ ಅದೇ ಸಾಕು ಅಂದುಕೊಳ್ಳಬೇಡಿ. ಆಂಡ್ರಾಯ್ಡ್ ಫೋನುಗಳಲ್ಲಿ ಹಾಟ್‌ಸ್ಪಾಟ್ ಮೂಲಕ ಹೋಗುವುದು ಸಾಮಾನ್ಯವಾಗಿ ಫೋನಿನ ವಿಪಿಎನ್ ಒಳಗೆ ಹೋಗುವುದಿಲ್ಲ. ಟೊರೆಂಟ್ ಯಾವ ಯಂತ್ರದಲ್ಲಿದೆಯೋ ವಿಪಿಎನ್ ಅದರಲ್ಲೇ ಇರಬೇಕು.

ದಣಪೆ ತೆರೆದಿದೆಯಾ?

ಕಂಪನಿ ಕಂಪನಿಗೆ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ.

ಒಂದು ಕೇರಿಗೆ ಒಂದೇ ದಣಪೆ (ಗೇಟು) ಇದೆ ಅಂದುಕೊಳ್ಳಿ. ಒಳಗೆ ಇಪ್ಪತ್ತು ಮನೆ. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿಂದ ಒಬ್ಬರು ಬಂದು ನಿಂತರೆ ಯಾವ ಮನೆಗೆ ಬಂದವರು ಅಂತ ದಣಪೆ ಕಾಯುವವನಿಗೆ ಗೊತ್ತಾಗುವುದಿಲ್ಲ. ವಾಪಸು ಕಳಿಸುತ್ತಾನೆ. ನಮ್ಮ ಕಡೆಯ ಎಷ್ಟೋ ಲೈನುಗಳು ಹೀಗೇ ಇವೆ. ಒಂದು ಹೊರಗಿನ ಐಪಿ ವಿಳಾಸವನ್ನು ಬಹಳ ಮನೆಗಳಿಗೆ ಹಂಚಿರುತ್ತಾರೆ. ಸಿಜಿನ್ಯಾಟ್ ಅನ್ನುತ್ತಾರೆ ಇದಕ್ಕೆ. ರೂಟರಿನಲ್ಲಿ ಕಾಣುವ ಹೊರ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವೂ ಆ ಕೇರಿಯವರೇ.

ವಿಪಿಎನ್ ಹಾಕಿದರೂ ಸ್ಥಿತಿ ಅದೇ. ಒಂದು ಸರ್ವರ್ ವಿಳಾಸದ ಹಿಂದೆ ನೂರಾರು ಜನ ಇರುತ್ತಾರೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ದಣಪೆಯ ಹತ್ತಿರ ನಿಮ್ಮ ಮನೆಗೆ ಅಂತಲೇ ಒಂದು ನಂಬರ್ ಕೊಡುವುದು. ಆ ನಂಬರ್ ಹೇಳಿಕೊಂಡು ಬಂದವರನ್ನು ನೇರ ನಿಮ್ಮ ಜಗಲಿಗೆ ಕಳಿಸುತ್ತಾರೆ.

ಇದು ಯಾಕೆ ಅಷ್ಟು ಮುಖ್ಯ? ಟೊರೆಂಟಿನಲ್ಲಿ ಇಬ್ಬರು ಸೇರಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ಬಾಗಿಲು ತೆರೆದಿರಬೇಕು. ಇಬ್ಬರದೂ ಮುಚ್ಚಿದ್ದರೆ ಸಾಮಾನ್ಯವಾಗಿ ಸೇರಲು ಆಗುವುದಿಲ್ಲ. ಉಬುಂಟು ಟೊರೆಂಟಿನಲ್ಲಿ ಸಾವಿರಾರು ಜನ ಇರುತ್ತಾರೆ, ತೆರೆದ ಬಾಗಿಲಿನವರು ಯಾರೋ ಸಿಕ್ಕೇ ಸಿಗುತ್ತಾರೆ. ನಿಮ್ಮ ಬಾಗಿಲು ಮುಚ್ಚಿದ್ದರೂ ನಡೆಯುತ್ತದೆ. ನಮ್ಮ ತಾಳಮದ್ದಲೆಯ ಟೊರೆಂಟಿನಲ್ಲಿ ಇರುವುದು ಮೂರೇ ಸೀಡರ್, ಅಂದರೆ ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು. ಕೊಪ್ಪದಲ್ಲೊಬ್ಬರು, ಶಿವಮೊಗ್ಗದಲ್ಲೊಬ್ಬರು, ನಾನು. ಮೂವರದೂ ಮುಚ್ಚಿದ್ದಾಗ, ತನ್ನ ಬಾಗಿಲೂ ಮುಚ್ಚಿದ್ದ ಒಬ್ಬ ಕೇಳುಗನಿಗೆ ಪಟ್ಟಿಯಲ್ಲಿ ಮೂರು ಹೆಸರು ಕಾಣುತ್ತಿತ್ತು, ಫೈಲ್ ಮಾತ್ರ ಸೊನ್ನೆಯಲ್ಲೇ ನಿಂತಿತ್ತು. ಎರಡು ವಾರ ನಾವು ಫೈಲೇ ಸರಿಯಿಲ್ಲ ಅಂದುಕೊಂಡಿದ್ದೆವು. ನನ್ನ ಕಡೆ ಒಂದು ಪೋರ್ಟ್ ತೆರೆದ ಮೇಲೆ ಅದೇ ದಿನ ಇಳಿಯಿತು. ಸಣ್ಣ ಗುಂಪಿಗೆ, ಅಪರೂಪದ ಫೈಲಿಗೆ, ಪೋರ್ಟ್ ಫಾರ್ವರ್ಡಿಂಗ್ ಇಲ್ಲದ ವಿಪಿಎನ್ ಬೇಡ ಅಂತ ನಾನು ಹೇಳುವುದು ಇದಕ್ಕೇ.

ಈಗ ಕಂಪನಿಗಳನ್ನು ನೋಡೋಣ. ನಾರ್ಡ್‌ವಿಪಿಎನ್ ಮತ್ತು ಸರ್ಫ್‌ಶಾರ್ಕ್ ಎರಡೂ ಟೊರೆಂಟಿಗೆ ಅವಕಾಶ ಕೊಡುತ್ತವೆ, ಪೋರ್ಟ್ ಫಾರ್ವರ್ಡಿಂಗ್ ಕೊಡುವುದಿಲ್ಲ. ಹೆಚ್ಚು ಜಾಹೀರಾತು ಕಾಣುವುದು ಇವುಗಳದೇ. ಇಳಿಸಿಕೊಳ್ಳುವವರಿಗೆ ಪರವಾಗಿಲ್ಲ, ಹಂಚುವವರಿಗೆ ಸಾಲದು. ಮುಲ್‌ವಾಡ್‌ನಲ್ಲಿ ಮೊದಲು ಇತ್ತು. ಕೆಲವರು ಅದನ್ನು ಕೆಟ್ಟ ಕೆಲಸಕ್ಕೆ ಬಳಸಿದರು ಅಂತ 2023ರ ಜುಲೈ 1ರಿಂದ ತೆಗೆದುಹಾಕಿದರು. ಅದೇ ವರ್ಷ ಐವಿಪಿಎನ್ ಕೂಡ ತೆಗೆಯುವುದಾಗಿ ಹೇಳಿತು. ಹಳೆಯ ಲೇಖನಗಳಲ್ಲಿ ಟೊರೆಂಟಿಗೆ ಮುಲ್‌ವಾಡ್ ಅತ್ಯುತ್ತಮ ಅಂತ ಇನ್ನೂ ಇದೆ. ಅವು ಆ ದಿನಾಂಕಕ್ಕಿಂತ ಮೊದಲು ಬರೆದವು ಅಂತ ತಿಳಿಯಿರಿ.

ಉಳಿದದ್ದು ಪ್ರೋಟಾನ್, ಪಿಐಎ, ಏರ್‌ವಿಪಿಎನ್. ಮೂವರೂ ಪೋರ್ಟ್ ಕೊಡುತ್ತಾರೆ, ಆದರೆ ಕೊಡುವ ರೀತಿ ಬೇರೆ. ನಮ್ಮ ಕರೆಂಟಿಗೆ ಆ ರೀತಿಯೇ ಮುಖ್ಯ.

ಪ್ರೋಟಾನ್‌ನಲ್ಲಿ ದುಡ್ಡು ಕೊಟ್ಟ ಪ್ಲಾನ್‌ಗೆ, ಟೊರೆಂಟಿಗೆ ಅಂತ ಗುರುತು ಹಾಕಿದ ಸರ್ವರುಗಳಲ್ಲಿ ಪೋರ್ಟ್ ಸಿಗುತ್ತದೆ. ಕನೆಕ್ಟ್ ಆದಾಗ ಒಂದು ನಂಬರ್ ಕೊಡುತ್ತದೆ. ಕಳಚಿ ಮತ್ತೆ ಸೇರಿದರೆ ಬೇರೆ ನಂಬರ್ ಬರಬಹುದು. ಆ ಹೊಸ ನಂಬರನ್ನು ಕ್ಯೂಬಿಟ್‌ಟೊರೆಂಟ್‌ನಲ್ಲಿ ಮತ್ತೆ ಹಾಕಬೇಕು. ಲೈನು ಗಟ್ಟಿಯಾಗಿದ್ದರೆ ಇದೇನು ದೊಡ್ಡ ವಿಷಯವಲ್ಲ. ದಿನಕ್ಕೆ ಹತ್ತು ಸಲ ಕಳಚುವ ಮನೆಯಲ್ಲಿ ಹತ್ತು ಸಲ ನಂಬರ್ ಬದಲಾಯಿಸುತ್ತಾ ಕೂರಲು ಆಗುತ್ತದಾ? ಇದನ್ನು ತಾನೇ ಮಾಡುವ ಸ್ಕ್ರಿಪ್ಟುಗಳಿವೆ. ಲಿನಕ್ಸ್ ಗೊತ್ತಿರುವವರು ಗ್ಲೂಟನ್ ಅನ್ನುವ ಡಾಕರ್ ಕಂಟೈನರ್ ಬಳಸಿ ನೆಮ್ಮದಿಯಾಗಿದ್ದಾರೆ. ಅಷ್ಟು ಕೈಹಾಕಲು ಮನಸ್ಸಿಲ್ಲದವರಿಗೆ ಇದು ಮಳೆಗಾಲದಲ್ಲಿ ಕಷ್ಟ.

ಪಿಐಎ ನಡುವಿನದು. ಅಮೆರಿಕದ ಸರ್ವರುಗಳಲ್ಲಿ ಪೋರ್ಟ್ ಕೊಡುವುದಿಲ್ಲ, ಬೇರೆ ದೇಶದವುಗಳಲ್ಲಿ ಕೊಡುತ್ತದೆ. ಸರ್ವರ್ ಬದಲಾಯಿಸಿದರೆ ನಂಬರೂ ಬದಲಾಗುತ್ತದೆ.

ಏರ್‌ವಿಪಿಎನ್‌ನಲ್ಲಿ ನಂಬರ್ ನಿಮ್ಮ ಖಾತೆಗೆ ಸೇರಿದ್ದು. ಒಮ್ಮೆ ಅವರ ತಾಣದಲ್ಲಿ ತೆಗೆದುಕೊಂಡರೆ ನಿಮ್ಮದಾಗಿಯೇ ಇರುತ್ತದೆ. ಲೈನು ಕಡಿಯಲಿ, ಕರೆಂಟು ಹೋಗಲಿ, ಸಿಂಗಾಪುರದ ಸರ್ವರ್ ಬಿಟ್ಟು ನೆದರ್ಲೆಂಡ್ಸ್‌ಗೆ ಹೋಗಲಿ, ನಂಬರ್ ಅದೇ. ಕ್ಯೂಬಿಟ್‌ಟೊರೆಂಟ್‌ನಲ್ಲಿ ಒಮ್ಮೆ ಬರೆದಿಟ್ಟು ಮರೆತುಬಿಡಬಹುದು. ಸಾಫ್ಟ್‌ವೇರ್ ನೋಡಲು ಹಳೆಯ ಕಾಲದ್ದು, ಬಟನ್ನುಗಳು ಜಾಸ್ತಿ, ಮೊದಲ ದಿನ ತಲೆ ತಿರುಗುತ್ತದೆ. ಆದರೂ ಮಲೆನಾಡಿನಲ್ಲಿ ಕೂತು ಹಂಚುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನನ್ನ ಮನೆಯಲ್ಲಿ ಇರುವುದೂ ಇದೇ.

ಯಾರನ್ನು ನಂಬುವುದು

ವಿಪಿಎನ್ ಹಾಕಿದರೆ ನಾವು ನಂಬಿಕೆಯನ್ನು ಲೈನಿನವರಿಂದ ತೆಗೆದು ವಿಪಿಎನ್‌ನವರ ಕೈಗೆ ಕೊಡುತ್ತೇವೆ. ನಾವು ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದು ಬೇರೆ, ಪರೀಕ್ಷೆ ಬಂದಾಗ ಆಗುವುದು ಬೇರೆ. 2017ರಲ್ಲಿ ಅಮೆರಿಕದ ಒಂದು ಪ್ರಕರಣದಲ್ಲಿ ಪ್ಯೂರ್‌ವಿಪಿಎನ್‌ನ ದಾಖಲೆಗಳು ಎಫ್‌ಬಿಐ ಕೈಗೆ ಹೋದವು. ಅವರೂ ದಾಖಲೆ ಇಡುವುದಿಲ್ಲ ಅಂತಲೇ ಹೇಳಿಕೊಂಡಿದ್ದರು. ಇನ್ನೊಂದು ಕಡೆ, 2023ರ ಏಪ್ರಿಲ್ 18ರಂದು ಸ್ವೀಡನ್ ಪೊಲೀಸರು ಮುಲ್‌ವಾಡ್‌ನ ಗೋಥೆನ್‌ಬರ್ಗ್ ಕಚೇರಿಗೆ ಹೋಗಿ ಬರಿಗೈಯಲ್ಲಿ ವಾಪಸಾದರು. ಗಿರಾಕಿಗಳ ವಿವರ ಅಲ್ಲಿ ಇರಲೇ ಇಲ್ಲ. ಪಿಐಎ ಕೂಡ 2016 ಮತ್ತು 2018ರಲ್ಲಿ ಅಮೆರಿಕದ ಪ್ರಕರಣಗಳಲ್ಲಿ ಕೊಡಲು ಏನೂ ಇಲ್ಲ ಅಂತ ತೋರಿಸಿತು. 2019ರಿಂದ ಅದರ ಒಡೆತನ ಕೇಪ್ ಟೆಕ್ನಾಲಜೀಸ್ ಕೈಯಲ್ಲಿದೆ. ಎಕ್ಸ್‌ಪ್ರೆಸ್‌ವಿಪಿಎನ್, ಸೈಬರ್‌ಗೋಸ್ಟ್ ಕೂಡ ಅದೇ ಕಂಪನಿಯವು. ಮೂರು ಹೆಸರು ನೋಡಿ ಮೂರು ಆಯ್ಕೆ ಅಂದುಕೊಳ್ಳಬೇಡಿ. ನಾರ್ಡ್ ಮತ್ತು ಸರ್ಫ್‌ಶಾರ್ಕ್ ಸಹ 2022ರಲ್ಲಿ ಒಂದಾದವು.

ಬಹಳ ಕಡಿಮೆ ವಿವರ ಕೇಳುವುದು ಮುಲ್‌ವಾಡ್. ಹೆಸರು, ಇಮೇಲ್ ಏನೂ ಬೇಡ, 16 ಅಂಕಿಯ ಒಂದು ಖಾತೆ ನಂಬರ್ ಕೊಡುತ್ತದೆ. ಬರೀ ಇಳಿಸಿಕೊಳ್ಳುವವರು, ಪೋರ್ಟ್ ಬೇಡದವರು ಇದನ್ನೇ ತೆಗೆದುಕೊಂಡರೆ ನಾನು ಒಳ್ಳೆಯದು ಅನ್ನುತ್ತೇನೆ. ಪ್ರೋಟಾನ್ ಸ್ವಿಟ್ಜರ್ಲೆಂಡಿನದು, ಏರ್‌ವಿಪಿಎನ್ ಇಟಲಿಯದು. ಇವರೆಲ್ಲರ ಸಾಫ್ಟ್‌ವೇರಿನ ಮೂಲ ಬರಹ ಎಲ್ಲರಿಗೂ ತೆರೆದಿದೆ, ಗೊತ್ತಿರುವವರು ಓದಿ ನೋಡಬಹುದು.

ನಮ್ಮ ದೇಶದ ನಿಯಮವೂ ಇಲ್ಲಿ ಬರುತ್ತದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಕೊಡುವವರು ಗಿರಾಕಿಗಳ ಹೆಸರು, ವಿಳಾಸ, ಕೊಟ್ಟ ಐಪಿ, ಯಾಕೆ ಬಳಸುತ್ತಾರೆ ಎಂಬುದನ್ನೆಲ್ಲ 5 ವರ್ಷ ಇಡಬೇಕು ಅಂತ. ಅದಕ್ಕೆ ಒಪ್ಪದೆ ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಎಲ್ಲರೂ ಅದೇ ವರ್ಷ ಭಾರತದಲ್ಲಿದ್ದ ಸರ್ವರುಗಳನ್ನು ತೆಗೆದರು. ಈಗ ಪಟ್ಟಿಯಲ್ಲಿ ಇಂಡಿಯಾ ಅಂತ ಕಂಡರೂ ಆ ಯಂತ್ರ ಬೇರೆ ದೇಶದಲ್ಲಿ ಇರುವುದೇ ಹೆಚ್ಚು. ಟೊರೆಂಟಿಗೆ ಇಂಡಿಯಾ ಅಂತ ಹುಡುಕುವ ಅಗತ್ಯ ಇಲ್ಲ. ಹತ್ತಿರ ಅಂದರೆ ಸಿಂಗಾಪುರ. ವಿಡಿಯೋ ಕಾಲ್‌ಗೆ ಆ ದೂರ ಸ್ವಲ್ಪ ಗೊತ್ತಾಗಬಹುದು, ಟೊರೆಂಟಿಗೆ ಗೊತ್ತಾಗುವುದಿಲ್ಲ.

ಪುಕ್ಕಟೆ ವಿಪಿಎನ್ ಬಗ್ಗೆ ನನ್ನ ಮಾತು ಗಡುಸು. ಬೇಡ. 2015ರಲ್ಲಿ ಹೋಲಾ ಅನ್ನುವುದು ತನ್ನ ಬಳಕೆದಾರರ ಮನೆ ಲೈನನ್ನೇ ಬೇರೆಯವರಿಗೆ ದಾರಿಯಾಗಿ ಕೊಡುತ್ತಿದ್ದುದು ಹೊರಬಂತು. ಅಂದರೆ ಯಾರೋ ಮಾಡಿದ ಕೆಲಸಕ್ಕೆ ನಿಮ್ಮ ವಿಳಾಸ. 2020ರಲ್ಲಿ ಹಾಂಗ್‌ಕಾಂಗ್ ಮೂಲದ ಏಳು ಪುಕ್ಕಟೆ ವಿಪಿಎನ್‌ಗಳ ದಾಖಲೆಗಳು ಬಯಲಲ್ಲಿ ಬಿದ್ದಿದ್ದವು. ಅವೂ ದಾಖಲೆ ಇಡುವುದಿಲ್ಲ ಅಂತ ಹೇಳಿದಂಥವೇ. ನಂಬಬಹುದಾದ ಪುಕ್ಕಟೆ ಪ್ಲಾನ್ ಅಂದರೆ ಪ್ರೋಟಾನ್‌ನದು. ಅದರಲ್ಲಿ ಟೊರೆಂಟಿಗೆ ಅವಕಾಶ ಇಲ್ಲ.

ವೇಗ, ದುಡ್ಡು

ನಮ್ಮಲ್ಲಿ ಜಾಸ್ತಿ ಮನೆಗಳಲ್ಲಿ ಇರುವುದು 30 ಅಥವಾ 60 ಎಂಬಿಪಿಎಸ್ ಲೈನು. 30ರ ಲೈನಿನಲ್ಲಿ 20 ಜಿಬಿ ಇಳಿಯಲು ಹೇಗಿದ್ದರೂ ಒಂದೂವರೆ ಗಂಟೆ ಬೇಕು. ಮೇಲೆ ಹೇಳಿದ ಯಾವ ವಿಪಿಎನ್ ಆದರೂ ವೈರ್‌ಗಾರ್ಡ್‌ನಲ್ಲಿ ಇದಕ್ಕಿಂತ ವೇಗವಾಗೇ ಓಡುತ್ತದೆ. ಹಾಗಾಗಿ ವೇಗದ ಪಟ್ಟಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ವಿಪಿಎನ್ ಪ್ರತಿ ಪ್ಯಾಕೆಟ್ಟಿಗೂ ತನ್ನ ಹೊದಿಕೆ ಸೇರಿಸುವುದರಿಂದ ಡೇಟಾ ಶೇ. 4ರಷ್ಟು ಜಾಸ್ತಿ ಹೋಗುತ್ತದೆ. ತಿಂಗಳಿಗೆ 3,300 ಜಿಬಿ ಮಿತಿಯ ಪ್ಲಾನ್ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ. ಸಿಮ್ ಹಾಕಿ ದಿನಕ್ಕೆ 2 ಜಿಬಿಯಲ್ಲಿ ನಡೆಸುವವರು ಟೊರೆಂಟಿಗೆ ಕೈಹಾಕದಿರುವುದೇ ವಾಸಿ. ಕಾಲೇಜು ಹಾಸ್ಟೆಲಿನ ವೈಫೈನಲ್ಲಿ ವೈರ್‌ಗಾರ್ಡ್ ಸೇರದಿದ್ದರೆ ಓಪನ್‌ವಿಪಿಎನ್‌ನ ಟಿಸಿಪಿ ಇರುವ ಕಂಪನಿ ನೋಡಿ.

ಮುಲ್‌ವಾಡ್ ಒಂದು ತಿಂಗಳಿಗೆ ತೆಗೆದುಕೊಂಡರೂ ಒಂದು ವರ್ಷಕ್ಕೆ ತೆಗೆದುಕೊಂಡರೂ ತಿಂಗಳಿಗೆ 5 ಯೂರೋ, ಅಂದರೆ 500 ರೂಪಾಯಿ ಆಸುಪಾಸು. ಉಳಿದವರಲ್ಲಿ ಒಂದೇ ತಿಂಗಳಿಗೆ ದುಬಾರಿ, ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಅಗ್ಗ. ಆ ಎರಡು ವರ್ಷ ಮುಗಿದ ಮೇಲೆ ರಿನ್ಯೂವಲ್ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ಓದಿ. ನಿಮ್ಮ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆಫ್ ಇರುವುದೇ ಹೆಚ್ಚು. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಕಟ್ಟಿ, ಮತ್ತೆ ಆಫ್ ಮಾಡಿ. ಅಕ್ಕನ ಮಗ ಅಡಿಕೆ ಮಾರಿದ ದುಡ್ಡು ಬಂದ ವಾರ ಎರಡು ವರ್ಷಕ್ಕೆ ಕಟ್ಟಲು ಹೊರಟಿದ್ದ. ಮೊದಲು ಒಂದು ತಿಂಗಳು ತಗೊಂಡು ನೋಡು ಅಂದೆ.

ಮೊದಲ ವಾರ ಹೀಗೆ ಪರೀಕ್ಷಿಸಿ

ಪ್ರೋಟಾನ್, ಪಿಐಎ, ನಾರ್ಡ್, ಸರ್ಫ್‌ಶಾರ್ಕ್ ಎಲ್ಲರೂ 30 ದಿನದೊಳಗೆ ದುಡ್ಡು ವಾಪಸು ಕೊಡುತ್ತೇವೆ ಅನ್ನುತ್ತಾರೆ. ಆ ದಿನಗಳನ್ನು ಸುಮ್ನೆ ಕಳೆಯಬೇಡಿ.

ಐಪಿಲೀಕ್ ಡಾಟ್ ನೆಟ್ ಅಂತ ಒಂದು ತಾಣ ಇದೆ, ಏರ್‌ವಿಪಿಎನ್‌ನವರು ನಡೆಸುವುದು, ಯಾರು ಬೇಕಾದರೂ ಬಳಸಬಹುದು. ವಿಪಿಎನ್ ಆಫ್ ಮಾಡಿ ಅದನ್ನು ತೆರೆದು ಮನೆಯ ವಿಳಾಸ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಐಪಿವಿ6 ಇದ್ದರೆ ಅದನ್ನೂ. ಆಮೇಲೆ ವಿಪಿಎನ್ ಆನ್ ಮಾಡಿ ಮತ್ತೆ ತೆರೆಯಿರಿ. ಟೊರೆಂಟ್ ಪರೀಕ್ಷೆಗೆ ಅಂತ ಅಲ್ಲಿ ಒಂದು ಮ್ಯಾಗ್ನೆಟ್ ಲಿಂಕ್ (ಟೊರೆಂಟ್ ಶುರು ಮಾಡುವ ಕೊಂಡಿ) ಕೊಡುತ್ತಾರೆ. ಅದನ್ನು ಕ್ಯೂಬಿಟ್‌ಟೊರೆಂಟ್‌ಗೆ ಹಾಕಿದರೆ ಟೊರೆಂಟಿನವರಿಗೆ ನಿಮ್ಮ ಯಾವ ವಿಳಾಸ ಕಾಣುತ್ತಿದೆ ಅಂತ ಆ ಪುಟದಲ್ಲಿ ಬರುತ್ತದೆ. ಅದು ನಡೆಯುತ್ತಿರುವಾಗಲೇ ರೂಟರಿನಿಂದ ವೈರ್ ಕಿತ್ತು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಹೀಗೆ ಐದಾರು ಸಲ. ಆಮೇಲೆ ಕಂಪ್ಯೂಟರಿನ ಪ್ಲಗ್ ಬದಿಯ ಸ್ವಿಚ್ಚನ್ನೇ ಆಫ್ ಮಾಡಿ ಆನ್ ಮಾಡಿ. ಆನ್ ಆದ ಮೇಲೆ ಏನನ್ನೂ ಮುಟ್ಟದೆ ಹತ್ತು ನಿಮಿಷ ಬಿಡಿ. ಫೋನಿನಲ್ಲಿ ಆ ಪುಟ ನೋಡಿದರೆ ಅದು ಫೋನಿನ ವಿಳಾಸ ತೋರಿಸುತ್ತದೆ, ಹಾಗಾಗಿ ಅದೇ ಕಂಪ್ಯೂಟರಿನಲ್ಲಿ, ಮೊದಲು ತೆರೆದಿದ್ದ ಅದೇ ಪುಟದಲ್ಲಿ ನೋಡಿ.

ಚೀಟಿಯಲ್ಲಿ ಬರೆದ ವಿಳಾಸ ಟೊರೆಂಟಿನ ಪಟ್ಟಿಯಲ್ಲಿ ಒಂದೇ ಒಂದು ಸಲ ಕಂಡರೂ ಮೊದಲು ಇಂಟರ್‌ಫೇಸ್ ಸರಿಯಾಗಿ ಆರಿಸಿದ್ದೀರಾ ಅಂತ ನೋಡಿ, ಸರಿ ಮಾಡಿ, ಮತ್ತೆ ಪರೀಕ್ಷೆ ಮಾಡಿ. ಎರಡನೇ ಸಲವೂ ಕಂಡರೆ ಅದೇ ದಿನ ದುಡ್ಡು ವಾಪಸು ಕೇಳಿ.